ಹ್ಯೂಬ್ರಿಸ್ ಎಂದರೇನು? ಅತಿಯಾದ ಗರ್ವವನ್ನು ಹೆಸರಿಸುವ ಗ್ರೀಕ್ ಪದದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕದಾಗಿ ಹೇಳುವುದಾದರೆ, ಹ್ಯೂಬ್ರಿಸ್ ಎಂದರೆ ಏನು?

ಇವತ್ತಿನ ಬಳಕೆಯಲ್ಲಿ, ತನ್ನ ಮಿತಿ ಮರೆಸಿ ಕೊನೆಗೆ ತನ್ನನ್ನೇ ಕೆಡವುವಷ್ಟು ಬೆಳೆದ ಗರ್ವ. ಚುನಾವಣೆಯಲ್ಲಿ ಮಣ್ಣು ಮುಕ್ಕಿದ ನಾಯಕನ ಬಗ್ಗೆಯೋ ಮುಳುಗಿದ ಕಂಪನಿಯ ಯಜಮಾನನ ಬಗ್ಗೆಯೋ ಅಂಕಣಕಾರರು ಬರೆಯುವಾಗ ಈ ಅರ್ಥದಲ್ಲೇ ಬಳಸುತ್ತಾರೆ.

ಆದರೆ ಕ್ರಿ.ಪೂ. 4ನೇ ಶತಮಾನದ ಅಥೆನ್ಸಿನಲ್ಲಿ ಹ್ಯೂಬ್ರಿಸ್ ಮುಖ್ಯವಾಗಿ ಒಂದು ಕೃತ್ಯದ ಹೆಸರು. ಇನ್ನೊಬ್ಬರ ಮಾನ ತೆಗೆದು, ಅದರಲ್ಲಿ ಸುಖ ಕಾಣುವುದೇ ಹ್ಯೂಬ್ರಿಸ್. ಅದಕ್ಕೆ ಕಾನೂನಿತ್ತು, ನ್ಯಾಯಾಲಯವಿತ್ತು, ಶಿಕ್ಷೆಯಿತ್ತು. ಮನಸ್ಸಿನೊಳಗೆ ಎಷ್ಟು ಗರ್ವವಿದ್ದರೂ ಅದರ ಮೇಲೆ ಮೊಕದ್ದಮೆ ಹೂಡಲು ಆಗುತ್ತಿರಲಿಲ್ಲ. ಆ ಗರ್ವ ಇನ್ನೊಬ್ಬರ ಮೈಮೇಲೆ, ಮಾನದ ಮೇಲೆ ಬಿದ್ದಾಗ ಆಗುತ್ತಿತ್ತು. ಗರ್ವ ಎನ್ನುವ ಅರ್ಧವಷ್ಟೇ ನಮ್ಮವರೆಗೆ ಬಂದು ಅವಮಾನ ಎನ್ನುವ ಅರ್ಧ ದಾರಿಯಲ್ಲೇ ಉಳಿದುಬಿಟ್ಟಿದೆ. ಹಾಗಾಗಿ ಈ ಪುಟದ ಹೆಚ್ಚಿನ ಭಾಗ ಆ ಅರ್ಧದ ಬಗ್ಗೆಯೇ ಇದೆ.

ಪದದ ಮೂಲ ಯಾವುದು? 'ಹೈಪರ್' ಎಂಬುದರಿಂದ ಬಂತೇ?

'ಮೇಲೆ, ಮೀರಿ' ಎಂಬ ಅರ್ಥದ ಗ್ರೀಕ್ 'ಹ್ಯುಪೆರ್' ಜೊತೆ ಇದನ್ನು ತಳುಕು ಹಾಕುವುದು ಹಳೆಯ ರೂಢಿ. ಮೇರೆ ಮೀರುವುದು ಎಂಬ ಅರ್ಥ ಹೊಂದುತ್ತದೆಂದು ಕೇಳಿದ ಕೂಡಲೇ ಒಪ್ಪಿಕೊಳ್ಳಬೇಕು ಅನಿಸುತ್ತದೆ. ಆದರೆ ಧ್ವನಿನಿಯಮಗಳ ಬಲ ಇದಕ್ಕೆ ಸಾಲದು, ನಿಘಂಟುಕಾರರು ಇದನ್ನು ಸಿದ್ಧವಾದ ವ್ಯುತ್ಪತ್ತಿ ಎಂದು ಒಪ್ಪಿಲ್ಲ. ಮೂಲ ಅನಿಶ್ಚಿತ ಎಂದೇ ಬರೆಯುವುದು ಪ್ರಾಮಾಣಿಕ. ಪರೀಕ್ಷೆಯಲ್ಲೂ ಹಾಗೇ ಬರೆಯಿರಿ.

ಚರಿತ್ರೆ ಮಾತ್ರ ಸ್ಪಷ್ಟವಾಗಿದೆ. ಹೋಮರನ ಇಲಿಯಡ್‌ನ ಮೊದಲ ಸರ್ಗದಲ್ಲೇ ಪದ ಸಿಗುತ್ತದೆ. ಗ್ರೀಕ್ ಪಡೆಯ ಒಡೆಯ ಅಗಮೆಮ್ನಾನ್ ತುಂಬಿದ ಸಭೆಯಲ್ಲಿ ತನ್ನನ್ನು ಹೀನಾಯಿಸಿದಾಗ, ಅವನ ಹ್ಯೂಬ್ರಿಸ್ ನೋಡಲು ಬಂದೆಯಾ ಎಂದು ವೀರ ಅಕಿಲೀಸ್ ಅಥೀನಾ ದೇವಿಯನ್ನು ಕೇಳುತ್ತಾನೆ. ಒಡಿಸ್ಸಿಯಲ್ಲಿ, ಯಜಮಾನನಿಲ್ಲದ ಮನೆಗೆ ನುಗ್ಗಿ, ಅವನ ದನ-ಹಂದಿ ಕಡಿದು ತಿಂದು, ಅವನ ಹೆಂಡತಿಯ ಮೇಲೆ ಕಣ್ಣು ಹಾಕಿ ಕೂತವರ ನಡತೆಗೆ ಈ ಪದ ಮತ್ತೆ ಮತ್ತೆ ಬರುತ್ತದೆ. ಕವಿ ಹೆಸಿಯಡ್ ತನ್ನ ಸೋದರ ಪರ್ಸೀಸ್‌ಗೆ ಬುದ್ಧಿ ಹೇಳುವಾಗ ಒಂದು ಕಡೆ ದಿಕೆ, ಅಂದರೆ ನ್ಯಾಯವನ್ನೂ ಇನ್ನೊಂದು ಕಡೆ ಹ್ಯೂಬ್ರಿಸ್ಸನ್ನೂ ನಿಲ್ಲಿಸುತ್ತಾನೆ. ಅಂದರೆ ಹ್ಯೂಬ್ರಿಸ್‌ಗೆ ಎದುರಾಗಿ ಆಗ ನಿಂತದ್ದು ನ್ಯಾಯ. ವಿನಯದ ಮಾತು ಅಲ್ಲಿ ಬರುವುದಿಲ್ಲ.

ಇಂಗ್ಲಿಷಿಗೆ ಈ ಪದ ಬಂದದ್ದು ತೀರಾ ತಡವಾಗಿ, 19ನೇ ಶತಮಾನದ ಕೊನೆಯ ಭಾಗದಲ್ಲಿ. ಗ್ರೀಕ್ ಓದಿದ ವಿದ್ವಾಂಸರು ನಾಟಕಗಳನ್ನು ವಿವರಿಸುವಾಗ ಅದನ್ನು ಹಾಗೇ ಉಳಿಸಿಕೊಂಡರು. ನಾಟಕದ ಮೂಲಕ ಬಂದದ್ದರಿಂದಲೇ 'ಬೀಳುವ ಮುನ್ನಿನ ಗರ್ವ' ಎಂಬ ಅರ್ಥ ಅದಕ್ಕೆ ಅಂಟಿಕೊಂಡಿತು.

'ಹೈಬ್ರಿಡ್' ಇದಕ್ಕೆ ಸಂಬಂಧಿಸಿದ ಪದವೇ?

ಹೈಬ್ರಿಡ್ ಬಂದದ್ದು ಲ್ಯಾಟಿನ್ನಿನಿಂದ. ಸಾಕಿದ ಹೆಣ್ಣು ಹಂದಿಗೂ ಕಾಡುಹಂದಿಗೂ ಹುಟ್ಟಿದ ಮರಿಗೆ ಅಲ್ಲಿ ಆ ಹೆಸರು. ಅದರ ಕಾಗುಣಿತದ ಮೇಲೆ ಗ್ರೀಕ್ ಪದದ ನೆರಳು ಬಿದ್ದಿರುವ ಸಾಧ್ಯತೆ ಇದೆ, ಅದಕ್ಕಿಂತ ಹೆಚ್ಚಿನ ನಂಟು ಹೇಳಲು ಆಧಾರ ಸಾಲದು.

ಅರಿಸ್ಟಾಟಲ್ ಕೊಟ್ಟ ವ್ಯಾಖ್ಯೆ ಯಾವುದು?

ಭಾಷಣಕಲೆಯ ಬಗ್ಗೆ ಅವನು ಬರೆದ ಗ್ರಂಥದ ಎರಡನೇ ಭಾಗದಲ್ಲಿ, ಕೋಪದ ವಿವರಣೆ ನಡೆದಿರುವಾಗ ಇದು ಬರುತ್ತದೆ. ಅದರ ತಿರುಳು ಹೀಗಿದೆ: ಎದುರಿಗಿರುವವನಿಗೆ ನಾಚಿಕೆಯಾಗುವಂಥದ್ದನ್ನು ಮಾಡುವುದು ಅಥವಾ ಆಡುವುದು, ಅದರಿಂದ ತನಗೆ ಬೇರೇನೋ ಲಾಭ ಆಗಲಿ ಎಂದಲ್ಲ, ಏನೋ ಹಿಂದೆ ನಡೆದಿತ್ತು ಎಂದೂ ಅಲ್ಲ, ಬರೀ ಆ ಸುಖಕ್ಕಾಗಿ. ತಿರುಗಿಸಿ ಕೊಡುವವನು ಮಾಡುವುದು ಹ್ಯೂಬ್ರಿಸ್ ಅಲ್ಲ, ಅದು ಸೇಡು. ಹಾಗಾದರೆ ಸುಖ ಎಲ್ಲಿಂದ ಬರುತ್ತದೆ? ಇನ್ನೊಬ್ಬರನ್ನು ಕೀಳಾಗಿಸಿದರೆ ತಾನು ಮೇಲಾದೆ ಎಂಬ ಭಾವನೆಯಿಂದ. ಹುಡುಗರೂ ಹಣವಂತರೂ ಹೆಚ್ಚಾಗಿ ಹೀಗೆ ನಡೆದುಕೊಳ್ಳುವುದು ಇದೇ ಕಾರಣಕ್ಕೆ ಎಂದೂ ಅವನು ಸೇರಿಸುತ್ತಾನೆ.

ಇದರಿಂದ ಪರೀಕ್ಷಿಸಲು ಬರುವ ನಾಲ್ಕು ಅಂಶ ಸಿಗುತ್ತವೆ. ಒಂದು ಪ್ರಸಂಗ ಮುಂದಿದ್ದಾಗ ಇದೇ ಕ್ರಮದಲ್ಲಿ ಕೇಳಿ ನೋಡಿ. ಎದುರಿಗೆ ಮಾನ ಕಳೆದುಕೊಂಡ ಒಬ್ಬ ವ್ಯಕ್ತಿ ಇದ್ದಾನೆಯೇ? ಮಾಡಿದ್ದು ಉದ್ದೇಶಪೂರ್ವಕವೇ? ಹಣ, ಆಸ್ತಿ, ಅಧಿಕಾರದಂಥ ಲಾಭ ಅದರ ಹಿಂದಿತ್ತೇ, ಅಥವಾ ಮೇಲಾದೆನೆಂಬ ಸುಖ ಮಾತ್ರವೇ? ಮೊದಲು ಕೈ ಮಾಡಿದವರು ಯಾರು? ಹೆಚ್ಚಿನವರು ಎಡವುವುದು ಮೂರನೆಯದರಲ್ಲಿ. ದುಡ್ಡಿಗಾಗಿ ಹೊಡೆದ ದರೋಡೆಕೋರ ಎಷ್ಟೇ ಕ್ರೂರಿಯಾದರೂ, ಈ ಅಳತೆಯಲ್ಲಿ ಅವನು ಮಾಡಿದ್ದು ಬೇರೆ ಅಪರಾಧ.

ಹ್ಯೂಬ್ರಿಸ್ ವಿರುದ್ಧ ನಿಜವಾಗಿಯೂ ಕಾನೂನಿತ್ತೇ? ಅದು ಹೇಗೆ ನಡೆಯುತ್ತಿತ್ತು?

ಇತ್ತು. ಹೆಸರು 'ಗ್ರಾಫೆ ಹ್ಯೂಬ್ರಿಯೋಸ್'. ಅಥೆನ್ಸಿನಲ್ಲಿ ಮೊಕದ್ದಮೆಗಳು ಎರಡು ಬಗೆ. 'ದಿಕೆ' ಎಂಬ ಖಾಸಗಿ ದಾವೆಯನ್ನು ನೊಂದವನೇ ಹೂಡಬೇಕು, ಪರಿಹಾರವೂ ಅವನಿಗೇ. 'ಗ್ರಾಫೆ' ಎಂಬ ಸಾರ್ವಜನಿಕ ಮೊಕದ್ದಮೆಯನ್ನು ಅರ್ಹತೆಯುಳ್ಳ ಯಾವ ನಾಗರಿಕನೂ ಹೂಡಬಹುದಿತ್ತು. ಹ್ಯೂಬ್ರಿಸ್ ಸೇರಿದ್ದು ಎರಡನೆಯ ಬಗೆಗೆ. ಒಬ್ಬನ ಮಾನ ತೆಗೆದರೆ ಊರಿಗೇ ಕೇಡು ಮಾಡಿದಂತೆ ಎಂಬ ಎಣಿಕೆ ಅದರ ಹಿಂದಿತ್ತು.

ದೂರು ಹೋಗುತ್ತಿದ್ದದ್ದು ಥೆಸ್ಮೊಥೆಟಾಯ್ ಎಂಬ ಅಧಿಕಾರಿಗಳ ಬಳಿಗೆ, ವಿಚಾರಣೆ ನಾಗರಿಕರೇ ತೀರ್ಪುಗಾರರಾಗಿ ಕೂರುತ್ತಿದ್ದ ದೊಡ್ಡ ನ್ಯಾಯಾಲಯದಲ್ಲಿ. ತಪ್ಪು ಸಾಬೀತಾದರೆ ಇಷ್ಟೇ ಶಿಕ್ಷೆ ಎಂದು ಮೊದಲೇ ಗೊತ್ತುಮಾಡಿರಲಿಲ್ಲ. ವಾದಿ ಒಂದು ಶಿಕ್ಷೆ ಸೂಚಿಸಿದರೆ ಪ್ರತಿವಾದಿ ಇನ್ನೊಂದು ಸೂಚಿಸುತ್ತಿದ್ದ, ತೀರ್ಪುಗಾರರು ಎರಡರಲ್ಲಿ ಒಂದನ್ನು ಆರಿಸಬೇಕಿತ್ತು. ಮರಣದಂಡನೆಯೂ ಸಾಧ್ಯವಿತ್ತು. ದಂಡವಾದರೆ ಹಣ ಬೊಕ್ಕಸಕ್ಕೆ ಹೋಗುತ್ತಿತ್ತು, ಪೆಟ್ಟು ತಿಂದವನಿಗೆ ಒಂದು ಕಾಸೂ ಸಿಗುತ್ತಿರಲಿಲ್ಲ.

ಸಾರ್ವಜನಿಕ ಮೊಕದ್ದಮೆ ಹೂಡುವವನಿಗೂ ಅಪಾಯವಿತ್ತು. ಒಟ್ಟು ಮತಗಳಲ್ಲಿ ಐದನೇ ಒಂದು ಭಾಗವೂ ಬೀಳದಿದ್ದರೆ 1000 ದ್ರಾಕ್ಮಾ ದಂಡ. ಕ್ರಿ.ಪೂ. 5ನೇ ಶತಮಾನದ ಕೊನೆಗೆ ಅಥೆನ್ಸಿನ ನುರಿತ ಕೆಲಸಗಾರನ ದಿನಗೂಲಿ ಸುಮಾರು ಒಂದು ದ್ರಾಕ್ಮಾ, ಅಂದರೆ ಇದು ಮೂರು ವರ್ಷದ ದುಡಿಮೆಗೆ ಹತ್ತಿರ. ಗೆದ್ದರೆ ಕೈಗೆ ಏನೂ ಇಲ್ಲ, ಸೋತರೆ ಮನೆ ಹಾಳು. ಆದ್ದರಿಂದ ಅನೇಕರು ಹ್ಯೂಬ್ರಿಸ್ ಬದಲು 'ದಿಕೆ ಐಕೆಯಸ್' ಎಂಬ ಹಲ್ಲೆಯ ಖಾಸಗಿ ದಾವೆ ಹೂಡಿ ಪರಿಹಾರ ಪಡೆಯುವುದೇ ಲೇಸೆಂದುಕೊಳ್ಳುತ್ತಿದ್ದರು. ಅದರಲ್ಲಿ ಯಾರು ಮೊದಲು ಹೊಡೆದರು ಎಂದು ತೋರಿಸಿದರೆ ಸಾಕಿತ್ತು, ಅವಮಾನಿಸುವ ಉದ್ದೇಶ ಸಾಬೀತು ಮಾಡಬೇಕಿರಲಿಲ್ಲ.

ಗಂಡಸು, ಹೆಂಗಸು, ಮಗು, ಸ್ವತಂತ್ರ ಮನುಷ್ಯ, ಗುಲಾಮ, ಯಾರ ಮೇಲೆ ನಡೆದರೂ ಈ ಕಾನೂನು ಅನ್ವಯ. ಅತ್ಯಾಚಾರವೂ ಹ್ಯೂಬ್ರಿಸ್ಸೇ. ಗುಲಾಮರನ್ನು ಸೊತ್ತಿನಂತೆ ಮಾರುತ್ತಿದ್ದ ಊರಿನಲ್ಲಿ ಅವರ ಮಾನಕ್ಕೂ ಕಾಗದದ ಮೇಲಾದರೂ ಬೆಲೆ ಇತ್ತು ಎಂಬುದು ಗಮನಿಸಬೇಕಾದ ಸಂಗತಿ. ಗುಲಾಮ ತಾನೇ ದೂರು ಕೊಡುವಂತಿರಲಿಲ್ಲ, ಒಬ್ಬ ನಾಗರಿಕ ಅವನ ಪರವಾಗಿ ನಿಲ್ಲಬೇಕಿತ್ತು. ಆದ್ದರಿಂದ ಆ ರಕ್ಷಣೆ ಎಷ್ಟು ಜನರಿಗೆ ದಕ್ಕಿತು ಎಂಬುದು ಬೇರೆ ಮಾತು.

ನಮ್ಮಲ್ಲಿ ಇದಕ್ಕೆ ಹತ್ತಿರ ಬರುವ ಎಣಿಕೆ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಲ್ಲಿ (1989) ಕಾಣುತ್ತದೆ. ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ, ಹೀನಾಯಿಸುವ ಉದ್ದೇಶದಿಂದ ಮಾಡುವ ಅವಮಾನ ಅಲ್ಲಿ ತಾನೇ ಒಂದು ಅಪರಾಧ. ಗಾಯ ಆಗಿರಲೇಬೇಕೆಂದಿಲ್ಲ.

ಯಾರಾದರೂ ಹೂಡಿದ ನಿಜವಾದ ಮೊಕದ್ದಮೆಯ ಉದಾಹರಣೆ ಇದೆಯೇ?

ಎರಡು ಪ್ರಸಂಗ ತಿಳಿದರೆ ಪದ ಕಣ್ಣಿಗೆ ಕಟ್ಟುತ್ತದೆ. ಎರಡೂ ಅಥೆನ್ಸಿನ ವಾಗ್ಮಿ ಡೆಮಾಸ್ತನೀಸ್‌ನ ಭಾಷಣಗಳಲ್ಲಿವೆ.

ಮೊದಲನೆಯದು ಕ್ರಿ.ಪೂ. 348ರದು. ಡಯೊನಿಸಸ್ ಹಬ್ಬದಲ್ಲಿ ಡೆಮಾಸ್ತನೀಸ್ ತನ್ನ ಕುಲದ ಗಾಯನ ತಂಡದ ಖರ್ಚು ಹೊತ್ತಿದ್ದ. ಮೈಡಿಯಾಸ್ ಎಂಬ ಶ್ರೀಮಂತ ತುಂಬಿದ ರಂಗಮಂದಿರದಲ್ಲೇ ಅವನ ಮುಖಕ್ಕೆ ಗುದ್ದಿದ. ಡೆಮಾಸ್ತನೀಸ್ ತಿರುಗಿ ಹೊಡೆಯಲಿಲ್ಲ. ಮೊಕದ್ದಮೆಗೆಂದು ಬರೆದ ಭಾಷಣದಲ್ಲಿ ಪೆಟ್ಟಿನ ನೋವಿನ ಬಗ್ಗೆ ಅವನು ಹೆಚ್ಚು ಹೇಳುವುದಿಲ್ಲ. ಹೊಡೆಯುವವನು ನಿಂತ ಭಂಗಿ, ನೋಡಿದ ನೋಟ, ದನಿ, ಕೆನ್ನೆಗೆ ಹೊಡೆದ ರೀತಿ, ಇವನ್ನೆಲ್ಲ ಅನುಭವಿಸಿದವನು ಬೇರೆಯವರಿಗೆ ಹೇಳಿ ತೋರಿಸಲಾರ, ಮನುಷ್ಯನನ್ನು ಕೆರಳಿಸುವುದು ಅದೇ ಎನ್ನುತ್ತಾನೆ. ಅವಮಾನ ಅನುಭವಿಸಿದ ಯಾರಿಗೂ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಡೆಮಾಸ್ತನೀಸ್ 30 ಮಿನಾ, ಅಂದರೆ 3000 ದ್ರಾಕ್ಮಾ ತೆಗೆದುಕೊಂಡು ರಾಜಿಯಾದ ಎಂದು ಅವನ ವೈರಿ ಈಸ್ಕಿನೀಸ್ ಮುಂದೆ ಹಂಗಿಸಿದ್ದುಂಟು. ಈ ಮೊಕದ್ದಮೆಯ ವಿಧಿ ಹಬ್ಬದ ಅಪರಾಧಗಳಿಗೆ ಮೀಸಲಾದ ಬೇರೊಂದು ವಿಧಿ, ಆದರೂ ವಾದದ ಜೀವಾಳ ಹ್ಯೂಬ್ರಿಸ್ಸೇ.

ಎರಡನೆಯದು ಅರಿಸ್ಟನ್ ಎಂಬ ಯುವಕನದು. ಅವನಿಗಾಗಿ ಡೆಮಾಸ್ತನೀಸ್ ಭಾಷಣ ಬರೆದುಕೊಟ್ಟ. ಕೊನಾನ್ ಎಂಬ ನಡುವಯಸ್ಸಿನವನು, ಅವನ ಮಗ, ಗೆಳೆಯರು ಸೇರಿ ಅರಿಸ್ಟನ್ನನ್ನು ಕೆಸರಿಗೆ ಕೆಡವಿ ತುಳಿದರು, ಬಟ್ಟೆ ಕಿತ್ತುಕೊಂಡರು. ಆಮೇಲೆ ಗೆಳೆಯರು ಹುರಿದುಂಬಿಸಲು ಕೊನಾನ್ ಬಿದ್ದವನ ಪಕ್ಕದಲ್ಲಿ ನಿಂತು, ಕಾಳಗ ಗೆದ್ದ ಹುಂಜದಂತೆ ಕೂಗಿದ, ಮೊಣಕೈಗಳನ್ನು ರೆಕ್ಕೆಯಂತೆ ಪಕ್ಕೆಗೆ ಬಡಿದ. ಪೆಟ್ಟುಗಳು ಹಲ್ಲೆ. ಅದು ಬರೀ ಹಲ್ಲೆಯಲ್ಲ, ಹ್ಯೂಬ್ರಿಸ್ ಎಂದು ಎತ್ತಿ ತೋರಿಸುವುದು ಆ ಕೂಗು. ಅರಿಸ್ಟನ್ ಹೂಡಿದ್ದು ಮಾತ್ರ ಹಲ್ಲೆಯ ದಾವೆಯನ್ನೇ. ನಿನ್ನ ವಯಸ್ಸಿಗೆ ದೊಡ್ಡ ಮೊಕದ್ದಮೆ ಬೇಡ ಎಂದು ಹಿತೈಷಿಗಳು ಹೇಳಿದ್ದರಂತೆ.

ಹ್ಯೂಬ್ರಿಸ್ ಹುಟ್ಟುವುದು ಹೇಗೆ ಎಂದು ಗ್ರೀಕರು ತಿಳಿದಿದ್ದರು?

ಹೊಟ್ಟೆ ತುಂಬಿದ್ದರಿಂದ. ಕ್ರಿ.ಪೂ. 594ರಲ್ಲಿ ಅಥೆನ್ಸಿನ ಆಡಳಿತ ವಹಿಸಿದ್ದ ಸೋಲನ್ ತನ್ನ ಪದ್ಯವೊಂದರಲ್ಲಿ 'ಕೊರೊಸ್' ಹ್ಯೂಬ್ರಿಸ್ಸನ್ನು ಹಡೆಯುತ್ತದೆ ಎನ್ನುತ್ತಾನೆ. ಕೊರೊಸ್ ಅಂದರೆ ಉಂಡು ತೇಗುವಷ್ಟು ತೃಪ್ತಿ, ತುಂಬಿ ಹೆಚ್ಚಾದದ್ದು. ಒಂದು ಷರತ್ತನ್ನೂ ಅವನು ಹಾಕುತ್ತಾನೆ: ಸರಿಯಾದ ಬುದ್ಧಿಯಿಲ್ಲದವನಿಗೆ ಅಪಾರ ಸಂಪತ್ತು ಬಂದಾಗ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎಂಬ ನಮ್ಮ ಗಾದೆಯೂ ದೋಷವನ್ನು ಐಶ್ವರ್ಯದ ಮೇಲೆ ಹೊರಿಸದೆ ಅಲ್ಪತನದ ಮೇಲೆ ಹೊರಿಸುತ್ತದೆ. ಮುಂದೆ ಕವಿ ಪಿಂಡಾರ್ ಈ ಸಂಬಂಧವನ್ನು ತಿರುಗಿಸಿ, ಹ್ಯೂಬ್ರಿಸ್ಸೇ ಕೊರೊಸ್‌ನ ತಾಯಿ ಎಂದ.

ಮನುಷ್ಯರಾಚೆಗೂ ಪದ ಹೋಗುತ್ತಿತ್ತು. ಅರಿಸ್ಟಾಟಲನ ಶಿಷ್ಯ ಥಿಯೊಫ್ರಾಸ್ಟಸ್ ಗಿಡಗಳ ಬಗ್ಗೆ ಬರೆಯುವಾಗ, ಎಲೆ ಕಾಂಡಕ್ಕೇ ಬಲವೆಲ್ಲ ಹೋಗಿ ಕಾಯಿ ಬಿಡದ ಬಾದಾಮಿ ಮರಕ್ಕೆ ಒಂದು ಮದ್ದು ಹೇಳುತ್ತಾನೆ. ಕಬ್ಬಿಣದ ಮೊಳೆಯಿಂದ ಕಾಂಡಕ್ಕೆ ತೂತು ಹೊಡೆದು, ಅಲ್ಲಿ ಓಕ್ ಮರದ ಗೂಟ ಬಡಿದು ಮಣ್ಣು ಮುಚ್ಚುವುದು. ಮರ ಹ್ಯೂಬ್ರಿಸ್ ತೋರಿಸುತ್ತಿದೆ ಎಂದು ಕೆಲವರು ಇದನ್ನು ಮರಕ್ಕೆ ಶಿಕ್ಷೆ ಕೊಡುವುದು ಎನ್ನುತ್ತಾರಂತೆ. ಗೊಬ್ಬರ ಹೆಚ್ಚಾಗಿ ಬರೀ ಸೊಪ್ಪೇ ಬಂದ ಗಿಡವನ್ನು 'ಕೊಬ್ಬಿದೆ' ಎನ್ನುವ ನಮ್ಮ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ.

ದೇವರೊಡನೆ ಸೆಣಸುವುದೇ ಹ್ಯೂಬ್ರಿಸ್ ಎಂದು ಓದಿದ್ದೇವೆ. ಅದು ತಪ್ಪೇ?

ಪೂರ್ತಿ ತಪ್ಪಲ್ಲ, ಒಂದು ಕೊಂಬೆಯನ್ನೇ ಮರ ಎಂದಂತೆ. ದೇವರ ಮಾನ ಕಳೆಯುವುದೂ ಮಾನ ಕಳೆಯುವುದೇ. ಇದರ ದೊಡ್ಡ ಸಾಕ್ಷಿ ಗ್ರೀಕ್ ನಾಟಕಕಾರ ಈಸ್ಕಿಲಸ್ ಕ್ರಿ.ಪೂ. 472ರಲ್ಲಿ ಆಡಿಸಿದ ಪರ್ಷಿಯನ್ನರ ನಾಟಕ. ಎಂಟೇ ವರ್ಷ ಹಿಂದೆ, 480ರಲ್ಲಿ, ಸಲಾಮಿಸ್ ಜಲಸಂಧಿಯಲ್ಲಿ ಪರ್ಷಿಯದ ದೊರೆ ಕ್ಸರ್ಕ್ಸಿಸ್‌ನ ನೌಕಾಪಡೆ ಮುಳುಗಿತ್ತು. ನಾಟಕದಲ್ಲಿ ಅವನ ತಂದೆ ದಾರಿಯಸ್‌ನ ಪ್ರೇತ ಎದ್ದು ಬಂದು, ಗ್ರೀಸಿನ ಗುಡಿಗಳನ್ನು ಲೂಟಿ ಮಾಡಿ ಸುಟ್ಟ ಸೈನಿಕರ ಹ್ಯೂಬ್ರಿಸ್ಸನ್ನು ಹೆಸರಿಟ್ಟು ಹೇಳುತ್ತದೆ. ಹ್ಯೂಬ್ರಿಸ್ ಹೂಬಿಟ್ಟು 'ಆಟೆ' ಎಂಬ ತೆನೆ ಕಟ್ಟುತ್ತದೆ, ಆಗ ಕೊಯ್ಯುವುದು ಬರೀ ಕಣ್ಣೀರಿನ ಸುಗ್ಗಿ ಎಂಬುದು ಅಲ್ಲಿಯ ಮಾತು. ಆಟೆ ಅಂದರೆ ಬುದ್ಧಿಗೆ ಕವಿಯುವ ಮಂಕು, ಅದು ತರುವ ನಾಶ.

ಇತಿಹಾಸಕಾರ ಹೆರೊಡೊಟಸ್ ಹೇಳುವ ಪ್ರಕಾರ, ಹೆಲೆಸ್ಪಾಂಟ್ ಜಲಸಂಧಿಯ ಮೇಲೆ ಕಟ್ಟಿಸಿದ ಸೇತುವೆ ಬಿರುಗಾಳಿಗೆ ಒಡೆದಾಗ ಕ್ಸರ್ಕ್ಸಿಸ್ ನೀರಿಗೆ 300 ಚಾಟಿಯೇಟು ಹೊಡೆಸಿ, ಒಂದು ಜೊತೆ ಬೇಡಿ ಎಸೆಸಿದ. ಸೇತುವೆಯ ಉಸ್ತುವಾರಿ ನೋಡಿದವರ ತಲೆ ತೆಗೆಸಿದ.

ಈಸ್ಕಿಲಸನ ಈ ನಾಟಕಕ್ಕೂ ಕನ್ನಡಕ್ಕೂ ನೇರ ನಂಟಿದೆ. ಬಿ.ಎಂ. ಶ್ರೀಕಂಠಯ್ಯನವರು ಅದನ್ನು 'ಪಾರಸಿಕರು' ಎಂದು 1935ರಲ್ಲಿ ಕನ್ನಡಕ್ಕೆ ತಂದರು. ಅದಕ್ಕೂ ಮೊದಲು, ಇನ್ನೊಬ್ಬ ಗ್ರೀಕ್ ನಾಟಕಕಾರ ಸೋಫೋಕ್ಲಿಸ್‌ನ ಏಜಾಕ್ಸನ ಕಥನವನ್ನು ಮಹಾಭಾರತಕ್ಕೆ ಒಗ್ಗಿಸಿ 1929ರಲ್ಲಿ 'ಅಶ್ವತ್ಥಾಮನ್' ಬರೆದಿದ್ದರು. ಗ್ರೀಕ್ ಏಜಾಕ್ಸ್ ಯುದ್ಧಕ್ಕೆ ಹೊರಡುವಾಗ, ದೇವರ ನೆರವಿದ್ದರೆ ಕೈಲಾಗದವನೂ ಗೆಲ್ಲುತ್ತಾನೆ, ನಾನು ಅದಿಲ್ಲದೆಯೇ ಗೆಲ್ಲುತ್ತೇನೆ ಎಂದು ತಂದೆಗೆ ಹೇಳಿದವನು.

ಹ್ಯೂಬ್ರಿಸ್ ದುರಂತ ನಾಯಕನ ದೋಷ ಎಂದು ಅರಿಸ್ಟಾಟಲ್ ಹೇಳಿದ್ದಾನಲ್ಲ?

ಹೇಳಿಲ್ಲ. ಇಂಗ್ಲಿಷ್ ಸಾಹಿತ್ಯದ ತರಗತಿಗಳಲ್ಲಿ ಅತಿ ಹೆಚ್ಚು ಹರಡಿರುವ ತಪ್ಪು ಇದು, ಉತ್ತರಪತ್ರಿಕೆಗಳಲ್ಲಿ ವರ್ಷವರ್ಷವೂ ಕಾಣುತ್ತದೆ. ಕಾವ್ಯಮೀಮಾಂಸೆಯ 13ನೇ ಅಧ್ಯಾಯದಲ್ಲಿ ಅವನು ಬಳಸುವ ಪದ 'ಹಮಾರ್ತಿಯಾ'. ಅದರ ಕ್ರಿಯಾಪದಕ್ಕೆ ಗುರಿ ತಪ್ಪುವುದು ಎಂದು ಅರ್ಥ. ಅದು ಗೊತ್ತಿಲ್ಲದೆ ಆದ ತಪ್ಪೂ ಇರಬಹುದು. ಹ್ಯೂಬ್ರಿಸ್ ಮಾತ್ರ ಗೊತ್ತಿದ್ದೇ ಮಾಡುವ ಕೃತ್ಯ. ಎರಡನ್ನೂ ಬೆರೆಸಿದರೆ ಸೋಫೋಕ್ಲಿಸನ ನಾಟಕದ ಈಡಿಪಸ್ ಅರ್ಥವಾಗುವುದಿಲ್ಲ. ಅವನು ತಂದೆಯನ್ನು ಕೊಂದದ್ದು, ತಾಯಿಯನ್ನು ಮದುವೆಯಾದದ್ದು ತಿಳಿಯದೆ. 'ಹ್ಯೂಬ್ರಿಸ್ ನಿರಂಕುಶ ದೊರೆಯನ್ನು ಹುಟ್ಟಿಸುತ್ತದೆ' ಎಂಬ ಸಾಲು ಆ ನಾಟಕದ ಮೇಳಗೀತದಲ್ಲಿ ಬರುತ್ತದೆ ನಿಜ, ಅದು ಈಡಿಪಸ್‌ನ ಬಗ್ಗೆಯೇ ಹೇಳಿದ್ದೇ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಅದೊಂದೇ ಸಾಲು ಎತ್ತಿಕೊಂಡು 'ಈಡಿಪಸ್ ಗರ್ವದಿಂದ ಕೆಟ್ಟ' ಎಂದು ಬರೆದರೆ ನಾಟಕದ ಸಂಕಟವೇ ಕೈತಪ್ಪುತ್ತದೆ.

ನೆಮೆಸಿಸ್ ಯಾರು?

ಹ್ಯೂಬ್ರಿಸ್ಸಿನಂಥ ಸಲ್ಲದ್ದು ನಡೆದಾಗ ಏಳುವ ಕೋಪದ, ತಕ್ಕ ಶಾಸ್ತಿಯ ದೇವತೆ. ಅವಳ ಹೆಸರಾಂತ ಗುಡಿ ಮ್ಯಾರಥಾನಿಗೆ ಹತ್ತಿರದ ರಾಮ್ನಸ್‌ನಲ್ಲಿತ್ತು. ಮ್ಯಾರಥಾನ್ ಯುದ್ಧದಲ್ಲಿ ಗೆದ್ದೇ ಗೆಲ್ಲುತ್ತೇವೆಂದು ಪರ್ಷಿಯನ್ನರು ವಿಜಯಸ್ತಂಭಕ್ಕಾಗಿ ಪಾರೋಸ್ ದ್ವೀಪದ ಅಮೃತಶಿಲೆಯನ್ನು ಮೊದಲೇ ಹೊತ್ತು ತಂದಿದ್ದರು, ಅದರಲ್ಲೇ ನೆಮೆಸಿಸ್ ವಿಗ್ರಹ ಕಡೆದರು ಎಂಬ ಕಥೆಯನ್ನು ಪ್ರವಾಸಿ ಪೌಸಾನಿಯಸ್ ಬರೆದಿಟ್ಟಿದ್ದಾನೆ. ಅಥೆನ್ಸಿನ ಅರಿಯೋಪಾಗಸ್ ಗುಡ್ಡದ ಮೇಲೆ ಆರೋಪಿ ಮತ್ತು ಆರೋಪ ಹೊರಿಸುವವನು ನಿಲ್ಲುವ ಎರಡು ಒರಟು ಬಂಡೆಗಳಲ್ಲಿ ಒಂದಕ್ಕೆ ಹ್ಯೂಬ್ರಿಸ್ ಬಂಡೆ ಎಂದೇ ಹೆಸರಿತ್ತೆಂದೂ ಅವನೇ ಹೇಳುತ್ತಾನೆ.

ದುರ್ಯೋಧನನದು ಹ್ಯೂಬ್ರಿಸ್ಸೇ?

ಎಲ್ಲ ಅಲ್ಲ. ಐದು ಊರನ್ನೂ ಕೊಡೆನೆಂದು ಕೊನೆಯವರೆಗೆ ಹಟ ಹಿಡಿದದ್ದು ಛಲ. 'ಚಲದೊಳ್ ದುರ್ಯೋಧನಂ' ಎಂದು ಪಂಪ ಅದನ್ನು ಮೆಚ್ಚಿ ಹೇಳಿದ. ಜೂಜಿನಲ್ಲಿ ರಾಜ್ಯ ಕಿತ್ತುಕೊಂಡದ್ದು ಲಾಭದ ಆಸೆ.

ಆದರೆ ದ್ರೌಪದಿಯನ್ನು ಸಭೆಗೆ ಎಳೆತರಿಸಿ, ಎಲ್ಲರೆದುರು ತೊಡೆ ತೋರಿಸಿದ್ದು ಅಚ್ಚ ಹ್ಯೂಬ್ರಿಸ್. ರಾಜ್ಯ ಅಷ್ಟರಲ್ಲಾಗಲೇ ಕೈಸೇರಿತ್ತು, ಅದರಿಂದ ಗಳಿಸಲು ಇನ್ನೇನೂ ಉಳಿದಿರಲಿಲ್ಲ. ನೋಡುವವರಿದ್ದರು, ನಗುವವರಿದ್ದರು, ಕುಗ್ಗಿಸುವುದೊಂದೇ ಉದ್ದೇಶ. ಮಯಸಭೆಯಲ್ಲಿ ನೀರಿಗೆ ಬಿದ್ದಾಗ ಪಾಂಡವರ ಕಡೆಯವರು ನಕ್ಕಿದ್ದರಲ್ಲ, ಇದು ಸೇಡಲ್ಲವೇ ಎಂದು ಅವನ ಪರವಾಗಿ ವಾದಿಸಬಹುದು. ಅಥೆನ್ಸಿನಲ್ಲೂ ಪ್ರತಿವಾದಿ ಹೂಡುತ್ತಿದ್ದ ವಾದ ಇದೇ ಬಗೆಯದು. ಒಂದು ನಗುವಿಗೆ ವಸ್ತ್ರಾಪಹರಣ ಸಾಟಿಯಲ್ಲ ಎಂಬುದೇ ನಮ್ಮ ಉತ್ತರ.

ಕಷ್ಟದ ಪ್ರಶ್ನೆ ಭೀಮನದು. ತೊಡೆ ಮುರಿದದ್ದು ಪ್ರತಿಜ್ಞೆ, ಸೇಡು. ಆಮೇಲೆ ಬಿದ್ದವನ ತಲೆಯನ್ನು ಎಡಗಾಲಿನಿಂದ ಒದ್ದದ್ದು? ಯುಧಿಷ್ಠಿರನೇ ಅದನ್ನು ತಡೆದ. ಕೊನಾನ್‌ನ ಹುಂಜದ ಕೂಗಿನ ಪಕ್ಕದಲ್ಲಿಟ್ಟು ನೋಡಿದರೆ, ಸೇಡು ಎಲ್ಲಿ ಮುಗಿದು ಹ್ಯೂಬ್ರಿಸ್ ಎಲ್ಲಿ ಶುರುವಾಯಿತೆಂದು ಗೆರೆ ಎಳೆಯಲು ಬರುತ್ತದೆ.

ಅನುವಾದಿಸುವಾಗ ಕನ್ನಡದಲ್ಲಿ ಯಾವ ಪದ ಬಳಸಬೇಕು?

ಎಲ್ಲ ಕಡೆಗೂ ಒಂದೇ ಪದ ಇಟ್ಟರೆ ಕೆಡುತ್ತದೆ. 'ಅಹಂಕಾರ' ಎಲ್ಲರೂ ಮೊದಲು ಎತ್ತಿಕೊಳ್ಳುವ ಪದ, ನಮ್ಮ ಮಟ್ಟಿಗೆ ಅದು ಎಲ್ಲಕ್ಕಿಂತ ದೂರದ್ದು. ಸಾಂಖ್ಯದಲ್ಲಿ ಅದು ಬುದ್ಧಿಯಿಂದ ಹುಟ್ಟುವ 'ನಾನು' ಎಂಬ ತತ್ವ, ಪ್ರತಿಯೊಬ್ಬರಲ್ಲೂ ಇರುವಂಥದ್ದು. ಬಯ್ಗುಳವಾಗಿ ಬಳಸಿದಾಗಲೂ ಅದು ಒಳಗಿನ ಭಾವ, ಎದುರಿಗೊಬ್ಬ ನೊಂದವನು ಬೇಕಾಗಿಲ್ಲ. 'ಜಂಬ' ತೀರಾ ಹಗುರ, ಹೊಸ ಮೊಬೈಲ್ ತೋರಿಸಿಕೊಂಡು ಓಡಾಡುವವನಿಗೂ ಸಲ್ಲುತ್ತದೆ.

ಹೊಟ್ಟೆ ತುಂಬಿ ಮದವೇರಿದ ಅರ್ಥಕ್ಕೆ 'ಸೊಕ್ಕು' ಬಹಳ ಹತ್ತಿರ. ಹಳಗನ್ನಡದ 'ಸೊರ್ಕು' ಅಮಲೇರುವುದಕ್ಕೂ ಸಲ್ಲುತ್ತಿತ್ತು, ಮದವೇರಿದ ಆನೆ ಸೊಕ್ಕಾನೆ. ಅಧಿಕಾರದಿಂದ ಎದುರಿನವನನ್ನು ಮೆಟ್ಟುವ ಅರ್ಥಕ್ಕೆ 'ದರ್ಪ'. ನ್ಯಾಯಾಲಯದ ಪ್ರಸಂಗಕ್ಕೆ 'ದೌರ್ಜನ್ಯ' ಅಥವಾ 'ಮಾನಹರಣ'. ನಾಯಕರ ಪತನದ ಬಗೆಗಿನ ಇಂದಿನ ಬರಹಕ್ಕೆ 'ದುರಹಂಕಾರ' ಆದೀತು. ಪದವೇ ಚರ್ಚೆಯ ವಿಷಯವಾದಾಗ 'ಹ್ಯೂಬ್ರಿಸ್' ಎಂದೇ ಇಟ್ಟು ಒಮ್ಮೆ ವಿವರಿಸಿ.

ಬರೆಯುವುದು, ಉಚ್ಚರಿಸುವುದು ಹೇಗೆ?

ಇಂಗ್ಲಿಷ್ ಉಚ್ಚಾರಣೆಯಂತೆ 'ಹ್ಯೂಬ್ರಿಸ್'. ಹಳೆಯ ಗ್ರೀಕಿನ ಮೊದಲ ಸ್ವರ ತುಟಿ ದುಂಡಗೆ ಮಾಡಿ 'ಇ' ಎಂದಂತೆ, ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲ. ಇಂದಿನ ಗ್ರೀಕರು 'ಈವ್ರಿಸ್' ಎನ್ನುತ್ತಾರೆ. ಅವರಿಗೆ ಅದು ಈಗಲೂ ಬಯ್ಗುಳ, ಅವಮಾನ. ಕನ್ನಡದಲ್ಲಿ ವಿಭಕ್ತಿ ಸೇರಿಸುವಾಗ ಹ್ಯೂಬ್ರಿಸ್ಸನ್ನು, ಹ್ಯೂಬ್ರಿಸ್ಸಿನ ಎಂದು ದ್ವಿತ್ವ ಮಾಡಿದರೆ ಓದಲು ಸಲೀಸು.

'ಹ್ಯೂಬ್ರಿಸ್ ಸಿಂಡ್ರೋಮ್' ಒಂದು ರೋಗವೇ?

ಬ್ರಿಟನ್ನಿನ ಮಾಜಿ ವಿದೇಶಾಂಗ ಸಚಿವ, ಸ್ವತಃ ವೈದ್ಯರಾದ ಡೇವಿಡ್ ಓವನ್ ಅವರು ಮನೋವೈದ್ಯ ಜೊನಾಥನ್ ಡೇವಿಡ್‌ಸನ್ ಜೊತೆ 2009ರಲ್ಲಿ ಮುಂದಿಟ್ಟ ಕಲ್ಪನೆ ಇದು. ಅಧಿಕಾರ ಹಿಡಿದ ಮೇಲೆ ಬರುವ, ಅಧಿಕಾರ ಹೋದ ಮೇಲೆ ಸಾಮಾನ್ಯವಾಗಿ ಇಳಿಯುವ ವ್ಯಕ್ತಿತ್ವದ ಬದಲಾವಣೆ ಎಂದು ಅವರ ವಾದ. ಒಟ್ಟು 14 ಲಕ್ಷಣಗಳ ಪಟ್ಟಿ ಕೊಟ್ಟು, ಕನಿಷ್ಠ ಮೂರು ಇರಬೇಕು, ಅದರಲ್ಲಿ ಒಂದಾದರೂ ಈ ಸಿಂಡ್ರೋಮಿಗೇ ವಿಶಿಷ್ಟವಾದ ಐದರಲ್ಲಿ ಸೇರಿರಬೇಕು ಎಂದರು. ಮಾನಸಿಕ ರೋಗಗಳ ಅಧಿಕೃತ ಪಟ್ಟಿಗಳಲ್ಲಿ ಇದು ಇಲ್ಲ. ಆದ್ದರಿಂದ ಇಷ್ಟವಿಲ್ಲದ ರಾಜಕಾರಣಿಗೆ ಈ ಹಣೆಪಟ್ಟಿ ಅಂಟಿಸಿ 'ವೈದ್ಯಕೀಯವಾಗಿ ಸಿದ್ಧ' ಎನ್ನುವುದು ಸಲ್ಲದು. ಅಥೆನ್ಸಿನ ಅರ್ಥಕ್ಕೂ ಇದಕ್ಕೂ ಇರುವ ಅಂತರ ನೋಡಿ: ಇಲ್ಲಿ ಇಡೀ ಪರೀಕ್ಷೆ ಗರ್ವಪಟ್ಟವನ ತಲೆಯೊಳಗೆ ನಡೆಯುತ್ತದೆ, ಅವಮಾನಕ್ಕೆ ಒಳಗಾದವನು ಚಿತ್ರದಲ್ಲೇ ಇಲ್ಲ.

ಮೊದಲು ಏನನ್ನು ಓದಬೇಕು?

ನಾಟಕಗಳಿಂದ ಶುರು ಮಾಡಬೇಡಿ. ಕೊನಾನ್ ವಿರುದ್ಧದ ಭಾಷಣವನ್ನು ಮೊದಲು ಓದಿ, ಅದು ಚಿಕ್ಕದು, ಒಂದೇ ಸಲಕ್ಕೆ ಮುಗಿಯುತ್ತದೆ. ಆಮೇಲೆ ಅರಿಸ್ಟಾಟಲ್ ಕೋಪದ ಬಗ್ಗೆ ಬರೆದ ಆ ಅಧ್ಯಾಯ. ಮೈಡಿಯಾಸ್ ವಿರುದ್ಧದ ಭಾಷಣ ಉದ್ದವಾದದ್ದು, ಅದನ್ನು ಮೂರನೆಯದಾಗಿ ಇಟ್ಟುಕೊಳ್ಳಿ. ಅದರೊಳಗೆ ಸೇರಿಸಿರುವ ಕಾನೂನಿನ ಪಾಠ ಮೂಲದ್ದೇ ಎಂಬ ಬಗ್ಗೆ ವಿವಾದವಿದೆ, ಟಿಪ್ಪಣಿ ಇರುವ ಆವೃತ್ತಿಯನ್ನೇ ಹಿಡಿಯಿರಿ. ಇಷ್ಟಾದ ಮೇಲೆ 'ಪಾರಸಿಕರು' ತೆರೆದು ದಾರಿಯಸ್‌ನ ಪ್ರೇತದ ಮಾತುಗಳಿಗೆ ಬನ್ನಿ.